ಖಾಲಿ ಕೋಣೆಯ ಒಂದು ನಿಮಿಷ

"ನಿನ್ನ ಒಂದೊಂದು ನಿಮಿಷಾನೂ ಯಾರೂ ಅಳಿಸದ ಹಾಗೆ ನಾನು ನೋಡ್ಕೋತೀನಿ, ಸುಮ್ನಿರು" ಎಂದು ಹದಿಮೂರು ವರ್ಷದ ಹಿಂದೆ ಅಕ್ಕನಿಗೆ ಮಾತು ಕೊಟ್ಟವಳು ನಾನು. ಆಗ ಅವಳ ಗಂಟಲು ಚೆನ್ನಾಗಿತ್ತು. "ನೀನು ನೋಡ್ಕೊಳ್ಳೋದು ಗೊತ್ತಿಲ್ವೇನೇ, ನನ್ನ ಛತ್ರಿ ನೋಡ್ಕೊಂಡ ಹಾಗೆ" ಎಂದಿದ್ದಳು. ಅವಳ ಛತ್ರಿಯನ್ನು ನಾನು ಬಸ್ಸಿನಲ್ಲಿ ಬಿಟ್ಟುಬಂದು ಆಗಲೇ ಎರಡು ವರ್ಷವಾಗಿತ್ತು. ಅಕ್ಕ ಏನನ್ನೂ ಮರೆಯುವವಳಲ್ಲ.

ಅಕ್ಕ ಧ್ವನಿ ಮುದ್ರಿಸುವವಳು. ನಮ್ಮ ಸಂಗ್ರಹಾಲಯಕ್ಕಾಗಿ ವರ್ಷಾನುಗಟ್ಟಲೆ ಬೀದಿ ಬೀದಿ ಅಲೆದು, ಟ್ರಾಮ್ ಓಡಿಸಿದವರನ್ನು, ಆಸ್ಪತ್ರೆಯ ಬಟ್ಟೆ ಒಗೆದವರನ್ನು, ಗಿರಣಿಯ ಸದ್ದಿಗೆ ಕಿವಿ ಕಳೆದುಕೊಂಡವರನ್ನು ಕೂರಿಸಿಕೊಂಡು ಅವರ ಕೆಲಸದ ಕಥೆ ಹೇಳಿಸಿದಳು. ಒಟ್ಟು ನಾನೂರ ಹನ್ನೆರಡು ಜನ. ಮಾತು ಮುಗಿದ ಮೇಲೆ ಈ ಕಸುಬಿನವರು ಇನ್ನೊಂದು ಕೆಲಸ ಮಾಡುತ್ತಾರೆ. ಯಾರೂ ಅಲ್ಲಾಡದೆ ಕೂತು, ಆ ಕೋಣೆಯ ಬರಿಯ ಸದ್ದನ್ನು ಒಂದು ನಿಮಿಷ ಹಿಡಿದಿಡುತ್ತಾರೆ. ಫ್ಯಾನಿನ ಗುಂಯ್ ಎನ್ನುವುದು, ಪಕ್ಕದ ಮನೆಯ ನಲ್ಲಿ, ದೂರದ ಗಾಡಿ. ಮುಂದೆ ಮಾತಿನ ಹಿಂದಿನ ಗಲಾಟೆಯನ್ನು ತೆಗೆದುಹಾಕಲು ಯಂತ್ರಕ್ಕೆ ಅದೇ ಅಳತೆ. ಆ ನಿಮಿಷದ ಮೊದಲಿಗೆ ಗುರುತಿಗಿರಲಿ ಎಂದು ಅಕ್ಕ ತಾನೇ ಮಾತಾಡುತ್ತಿದ್ದಳು: "ಕೋಣೆಯ ಸದ್ದು. ಕಿಟಕಿ ತೆರೆದಿದೆ. ಇಬ್ಬರು ಮನುಷ್ಯರು, ಒಂದು ಬೆಕ್ಕು. ಎಲ್ಲರೂ ಸುಮ್ಮನಿರಬೇಕು. ಬೆಕ್ಕಿಗೂ ಹೇಳಿದ್ದೇನೆ."

ಸಂಗ್ರಹಾಲಯದಲ್ಲಿ ಕೇಳಿದವರ ಧ್ವನಿಯನ್ನು ಕತ್ತರಿಸಿ, ಹೇಳಿದವರ ಧ್ವನಿಯನ್ನಷ್ಟೇ ಇಡುವುದು ರೂಢಿ. ಹಾಗಾಗಿ ಸಂದರ್ಶನಗಳಲ್ಲಿ ಅಕ್ಕನ ಒಂದು ಪ್ರಶ್ನೆಯೂ ಉಳಿದಿಲ್ಲ. ಹಳೆಯ ಟೇಪುಗಳು ಅಂಟುಬಿಟ್ಟು ಹಾಳಾಗಿ, ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕಸಕ್ಕೆ ಹೋದವು. ಆರು ವರ್ಷದ ಹಿಂದೆ ಡಾಕ್ಟರು ಅಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಅವಳು ಸ್ಲೇಟಿನ ಮೇಲೆ ಬರೆಯುತ್ತಾಳೆ, ಇಲ್ಲವೇ ಅಂಗೈಯಗಲದ ಒಂದು ಯಂತ್ರದಲ್ಲಿ ಒತ್ತುತ್ತಾಳೆ. ಅದು ಯಾವುದೋ ಹೆಂಗಸಿನ ಧ್ವನಿಯಲ್ಲಿ ಮಾತಾಡುತ್ತದೆ. ರೈಲು ತಡ ಎಂದು ಸಾರುವವಳ ಹಾಗೆ.

ಕಳೆದ ವರ್ಷ ಮಾತಿನ ಚಿಕಿತ್ಸೆಯವಳು ಒಂದು ಸುದ್ದಿ ಹೇಳಿದಳು. ಅಕ್ಕನದೇ ಹಳೆಯ ಧ್ವನಿ ಒಂದು ಗಂಟೆಯಷ್ಟು ಸ್ವಚ್ಛವಾಗಿ ಸಿಕ್ಕಿದರೆ, ಯಂತ್ರ ಅವಳ ಧ್ವನಿಯಲ್ಲೇ ಮಾತಾಡುವ ಹಾಗೆ ಮಾಡಬಹುದಂತೆ. ಮನೆಯಲ್ಲಿ ಹುಡುಕಿದೆವು. ಯಾವಾಗಲೂ ಯಂತ್ರದ ಹಿಂದೆಯೇ ನಿಂತವಳ ಧ್ವನಿಯನ್ನು ಯಾರು ತಾನೇ ಹಿಡಿದಿರುತ್ತಾರೆ? ನನ್ನ ಮಗಳ ತೊಟ್ಟಿಲಿನ ಪಕ್ಕ ತೆಗೆದ ಹನ್ನೊಂದು ಸೆಕೆಂಡಿನ ಒಂದು ವಿಡಿಯೋ ಸಿಕ್ಕಿತು, ಅದರಲ್ಲೂ ಮುಕ್ಕಾಲು ಚಪ್ಪಾಳೆ. ಉಳಿದಿದ್ದು ಆ ನಾನೂರ ಹನ್ನೆರಡು ನಿಮಿಷಗಳ ಆರಂಭ ಮಾತ್ರ. ಒಂದೊಂದು ಹತ್ತು ಹದಿನೈದು ಸೆಕೆಂಡು. ಲೆಕ್ಕ ಹಾಕಿದೆ. ಒಂದು ಗಂಟೆ ಇಪ್ಪತ್ತು ನಿಮಿಷ.

"ಹಳೇ ಮೆಷಿನ್ನಿನಲ್ಲಿ ಇದೆ, ಭಾವನ್ನ ಕೇಳಿದ್ರೆ ನಾಳೇನೇ ಸಿಗತ್ತೆ" ಎಂದೆ.

ಅಕ್ಕ ಸ್ಲೇಟು ಎಳೆದುಕೊಂಡು ಬರೆದಳು: "ಅವನ ಕೈಯಿಂದ ನಂಗೆ ನೀರೂ ಬೇಡ."

ಭಾವ ಎಂದರೆ ಅವಳ ಗಂಡ. ಹದಿನೈದು ವರ್ಷದಿಂದ ಬೇರೆ ಮನೆ. ಆದರೆ ಕೆಲಸ ಇಬ್ಬರದೂ ಅದೇ ಸಂಗ್ರಹಾಲಯದಲ್ಲಿ, ಅಕ್ಕ ನಿವೃತ್ತಳಾಗುವವರೆಗೆ. ಈಗ ನಾನೂ ಅಲ್ಲೇ. ಸಂಗ್ರಹಾಲಯದ ಹಳೆಯ ಡೇಟಾಬೇಸು ಭಾವ ಕಟ್ಟಿದ್ದು, ಹೊಸದನ್ನು ಕಟ್ಟಲು ನೇಮಕವಾದವಳು ನಾನು. ಇಷ್ಟು ಹೇಳಿದರೆ ನಮ್ಮಿಬ್ಬರ ನಡುವೆ ಏನಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

"ಹಾಗಿದ್ರೆ ಸ್ವಲ್ಪ ತಡಿ. ಹೊಸದು ಶುರುವಾದ ಮೇಲೆ ನಾನೇ ತೆಗೆದು ಕೊಡ್ತೀನಿ. ಯಾರನ್ನೂ ಕೇಳೋದು ಬೇಡ" ಎಂದೆ. ಹೇಳುವಾಗ ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಭಾವನನ್ನು ಕೇಳದೆ ಆಗುವ ಕೆಲಸ ಯಾವುದಾದರೂ ನನಗೂ ರುಚಿಯೇ.

ಭಾವನಿಗೆ ಕಚೇರಿಯಲ್ಲಿ ಖಾನೆರಾಯರು ಎಂದು ಹೆಸರು. ಅವರ ಡೇಟಾಬೇಸಿನ ಟೇಬಲ್ಲಿನಲ್ಲಿ, ಅಂದರೆ ಪಟ್ಟಿಯಲ್ಲಿ, ನಲವತ್ತೊಂದು ಖಾನೆ. ಶೀರ್ಷಿಕೆ, ದಿನ, ಹೇಳಿದವರು, ಭಾಷೆ, ಅವಧಿ, ಹೀಗೆ. ನಲವತ್ತೊಂದೂ ತುಂಬದೆ ಒಂದು ಕೆಮ್ಮೂ ಒಳಗೆ ಬರುವಂತಿಲ್ಲ. ನಮ್ಮಲ್ಲಿ ಧ್ವನಿ ಮುಖ್ಯ ಕಟ್ಟಡದಲ್ಲಿದೆ, ಫೋಟೋಗಳು ನದಿಯಾಚೆಯ ಶಾಖೆಯಲ್ಲಿ, ವಿಡಿಯೋ ಮತ್ತು ಕೈಬರಹಗಳು ರೈಲ್ವೆ ಯಾರ್ಡಿನ ಪಕ್ಕದ ಕಟ್ಟಡದಲ್ಲಿ. ಮೂರೂ ಕಡೆ ಮೂರು ಮೆಷಿನ್ನು. ಬಟ್ಟೆ ಒಗೆಯುವವಳ ಮಾತು ಇಲ್ಲಿ, ಅವಳ ಸುಟ್ಟ ಕೈಯ ಫೋಟೋ ಅಲ್ಲಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಿದ್ದಿದ್ದವು.

ನನ್ನದು ಬೇರೆ ರೀತಿ. ಪ್ರತಿಯೊಂದೂ ಒಂದು ವಸ್ತು. ಅದರ ಬಳಿ ಏನಿದೆಯೋ ಅದನ್ನಷ್ಟೇ ಹೊತ್ತಿರುತ್ತದೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಟ್ರಾಮ್ ಓಡಿಸಿದವನಿಗೆ ಸೀಟಿಯ ಸದ್ದು, ನಕ್ಷೆ. ಒಗೆಯುವವಳಿಗೆ ಹಾಡು, ಫೋಟೋ. ಯಾವ ಕಟ್ಟಡದಲ್ಲಿದ್ದರೂ ಒಂದಕ್ಕೊಂದು ಕೊಂಡಿ. ಕೊಂಡಿಯಲ್ಲಿ ಎರಡು ಬಗೆ. ನಾನು ಅವಕ್ಕೆ 'ಕೈ' ಮತ್ತು 'ಹೊಟ್ಟೆ' ಎಂದು ಹೆಸರಿಟ್ಟಿದ್ದೆ. ಕೈ ಹಿಡಿದ ವಸ್ತುಗಳಲ್ಲಿ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಹೊಟ್ಟೆಯೊಳಗಿನದು ಹಾಗಲ್ಲ, ಹೊರಗಿನದರ ಜೊತೆಗೇ ಇರುತ್ತದೆ, ಜೊತೆಗೇ ಹೋಗುತ್ತದೆ.

ನಿರ್ದೇಶಕರ ಕೋಣೆಯಲ್ಲಿ ಇದನ್ನು ವಿವರಿಸಿದ ದಿನ ಭಾವ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದರು.

"ಕೋಣೆಯ ಸದ್ದನ್ನು ಸಂದರ್ಶನದ ಹೊಟ್ಟೆಯೊಳಗೆ ಇಟ್ಟಿದ್ದೇನೆ. ಇನ್ನು ಯಾರೂ ಅದನ್ನು ಬೇರೆ ಮಾಡಿ ಕಸ ಅಂತ ಎಸೆಯೋಕಾಗಲ್ಲ" ಎಂದೆ. ಅದು ನಾನು ಅಕ್ಕನ ಆ ನಿಮಿಷಗಳಿಗೆ ಕೊಟ್ಟ ಗೌರವ ಎಂದುಕೊಂಡಿದ್ದೆ.

"ಹೊಟ್ಟೇಲಿಟ್ರೆ ತಾಯಿ ಜೊತೆ ಕೂಸೂ ಹೋಗತ್ತೆ, ರಬ್ಬರ್ ಮೇಡಂ" ಎಂದರು ಭಾವ, ಕಿಟಕಿಗೆ. ನನ್ನ ವಿನ್ಯಾಸ ಹೇಗೆ ಬೇಕಾದರೂ ಬಗ್ಗುತ್ತದೆ ಎಂದು ನನಗೆ ಅವರಿಟ್ಟ ಹೆಸರು ಅದು.

"ತಾಯಿ ಎಲ್ಲಿಗೆ ಹೋಗ್ತಾಳೆ ಭಾವ? ಸಂದರ್ಶನಾನ ಯಾರು ಅಳಿಸ್ತಾರೆ?"

"ಮೂರು ಕಟ್ಟಡದಲ್ಲಿ ನಾಲ್ಕು ಪ್ರತಿ ಇದ್ಯಲ್ಲಮ್ಮ. ನಿನ್ನ ಪ್ರೋಗ್ರಾಮು ಯಾವುದನ್ನ ಇಟ್ಕೊಳ್ಳತ್ತೆ?"

"ಎಲ್ಲಕ್ಕಿಂತ ಚೆನ್ನಾಗಿ ಕೇಳೋದನ್ನ."

"ಹ್ಞೂಂ" ಎಂದರು. "ನನ್ನ ಟೇಬಲ್ಲಿನಲ್ಲಿ ಶೀರ್ಷಿಕೆ ಇಲ್ಲದೆ ಒಂದು ಸೊಳ್ಳೆ ಒಳಗೆ ಬರಲ್ಲ. ನಿನ್ನದ್ರಲ್ಲಿ ಹೆಸರಿಲ್ಲದೋರು, ಊರಿಲ್ಲದೋರು ಎಲ್ಲ ಬರಬಹುದು. ಹೋಗೋವಾಗ್ಲೂ ಯಾರಿಗೂ ಗೊತ್ತಾಗಲ್ಲ."

"ನಿಮ್ಮ ನಲವತ್ತೊಂದು ಖಾನೆ ತುಂಬೋಷ್ಟರಲ್ಲಿ ಮನುಷ್ಯರೇ ಸತ್ತುಹೋಗ್ತಾರೆ" ಎಂದೆ. ನಿರ್ದೇಶಕರು ನಕ್ಕರು. ಅವರು ನಕ್ಕಿದ್ದು ನನಗೆ ಒಂದು ವಾರ ಊಟ ಸೇರುವಷ್ಟು ಹಿತವಾಗಿತ್ತು.

ಹೊಸದು ಶುರುವಾಯಿತು. ಮೊದಲ ದಿನವೇ ಪ್ರೋಗ್ರಾಮು ಮೂರು ಕಟ್ಟಡಗಳ ಪ್ರತಿಗಳನ್ನು ಹೋಲಿಸಿ, ಒಂದೇ ಸಂದರ್ಶನದ ನಾಲ್ಕು ನಕಲಿದ್ದರೆ ಒಳ್ಳೆಯದನ್ನು ಇಟ್ಟುಕೊಂಡು ಉಳಿದಿದ್ದನ್ನು ತೆಗೆಯಿತು. ನಾನು ಎಣಿಸಿದೆ. ಅಕ್ಕನ ಸಂದರ್ಶನ ನಾನೂರ ಹನ್ನೆರಡು ಇರಬೇಕು, ಇವೆ. ಖುಷಿಯಿಂದ ಮನೆಗೆ ಹೋಗಿ ಮಗಳ ಶಾಲೆಯ ಯೂನಿಫಾರ್ಮಿನ ಗುಂಡಿ ಹೊಲಿದೆ.

ಹಳೆಯ ಮೆಷಿನ್ನು ಮಾತ್ರ ತನ್ನಲ್ಲಿದ್ದ ಎಲ್ಲದರ ಸಮೇತ ನೆಲಮಾಳಿಗೆಯಲ್ಲಿ ಹಾಗೇ ಓಡುತ್ತಿತ್ತು. ಅದರ ಪಕ್ಕದಲ್ಲೇ ಭಾವನ ಮೇಜು, ಚಹಾದ ಕೆಟಲ್ಲು, ಧೂಳು ಬೀಳದ ಹಾಗೆ ಪ್ಲಾಸ್ಟಿಕ್ ಹೊದೆಸಿದ ಕೀಬೋರ್ಡು. ಹೊಸ ಮೆಷಿನ್ನಿಗೆ ಆ ಜಾಗ ಬೇಕಿತ್ತು, ಅದರ ಡಿಸ್ಕುಗಳು ಬೇಕಿದ್ದವು. ಖಾಲಿ ಮಾಡಿಕೊಡಿ ಎಂದು ಪತ್ರ ಬರೆದೆ. "ಇನ್ನೊಂದು ತಿಂಗಳು" ಎಂದು ಉತ್ತರ ಬಂತು. ಎರಡನೇ ಪತ್ರಕ್ಕೂ ಅದೇ. ಮೂರನೆಯದನ್ನು ನಿರ್ದೇಶಕರಿಗೆ ನೇರವಾಗಿ ಕೊಟ್ಟು, ಹಳಬರ ಹಟದಿಂದ ಸಂಗ್ರಹಾಲಯದ ಕೆಲಸ ನಿಂತಿದೆ ಎಂದು ಬರೆದೆ. ಆ ವಾಕ್ಯವನ್ನು ನಾಲ್ಕು ಸಲ ತಿದ್ದಿ ಚೂಪು ಮಾಡಿದ್ದೆ.

ಅದಾದ ಮಾರನೆಯ ಬೆಳಿಗ್ಗೆ ಭಾವ ಮೆಟ್ಟಿಲ ಬಳಿ ನನ್ನನ್ನು ತಡೆದರು.

"ಎಣಿಸಿದ್ಯಾ?"

"ಎಣಿಸಿದೆ. ನಾನೂರ ಹನ್ನೆರಡು."

"ಹೊರಗಿಂದ ಎಣಿಸಿದ್ಯೋ, ಹೊಟ್ಟೆ ಬಗೆದು ನೋಡಿದ್ಯೋ?"

"ಭಾವ, ನಿಮ್ಮ ಮೆಷಿನ್ನಿನ ಮೇಲೆ ನಿಮಗೆ ವ್ಯಾಮೋಹ ಇದ್ರೆ ಅದರ ಫೋಟೋ ತೆಗೆಸಿ ಗೋಡೆಗೆ ಹಾಕ್ಕೊಳ್ಳಿ. ನನ್ನ ಕೆಲಸ ನಂಗೆ ಬಿಡಿ."

"ನಿರ್ದೇಶಕರ ಕೋಣೇಲಿ ಎರಡು ಸಲ ಕೇಳಿದೀನಿ ನಿನ್ನ. ಇದು ಮೂರನೇದು."

"ನಾಲ್ಕನೇದು ಬೇಡ" ಎಂದೆ.

ಅವರು ನನ್ನ ಮುಖ ನೋಡಿದರು. ಬೇರೆ ಮನೆ ಮಾಡಿದ ದಿನ ಅಕ್ಕನನ್ನು ನೋಡಿದ್ದೂ ಇದೇ ಮುಖದಿಂದ ಇರಬೇಕು ಎನ್ನಿಸಿತು. "ಸರಿ, ನಿಮ್ಮ ವಂಶದೋರೆಲ್ಲ ಒಂದೇ" ಎಂದು ಇಳಿದು ಹೋದರು.

ಶುಕ್ರವಾರ ಇಬ್ಬರು ಸಾಕ್ಷಿಗಳ ಎದುರಿಗೆ ಹಳೆಯ ಮೆಷಿನ್ನನ್ನು ಅಳಿಸಲಾಯಿತು. ಸಾಕ್ಷಿಗಳಲ್ಲಿ ಒಬ್ಬಳು ನಾನು. ನಿಯಮದ ಪ್ರಕಾರ ಡಿಸ್ಕಿನಲ್ಲಿದ್ದುದು ಮತ್ತೆ ಸಿಗದ ಹಾಗೆ ಅದರ ಮೇಲೆ ಮೂರು ಸಲ ಸೊನ್ನೆ ಬರೆಯಬೇಕು. ಭಾವ ರುಜು ಹಾಕಿ, ಕೀಬೋರ್ಡಿನ ಪ್ಲಾಸ್ಟಿಕ್ ತೆಗೆದು ಪಕ್ಕಕ್ಕಿಟ್ಟು, "ನೀನೇ ಒತ್ತು, ನಿಂದೇ ಆಸೆ" ಎಂದರು. ಒತ್ತಿದೆ. ಆರು ಗಂಟೆ ಹಿಡಿಯಿತು. ಭಾವ ಆ ಆರು ಗಂಟೆಯೂ ಅಲ್ಲೇ ಕೂತಿದ್ದರಂತೆ. ನಾನು ಮೂರು ಗಂಟೆಗೆ ಮಗಳನ್ನು ಶಾಲೆಯಿಂದ ಕರೆತರಲು ಹೊರಟುಬಿಟ್ಟೆ.

ಎರಡು ವಾರ ಕಳೆಯಿತು. ಚಿಕಿತ್ಸೆಯವಳು ಗುರುವಾರ ಬನ್ನಿ, ಧ್ವನಿ ತನ್ನಿ ಎಂದು ಸಮಯ ಕೊಟ್ಟಳು. ಸೋಮವಾರ ಬೆಳಿಗ್ಗೆ ಚಹಾ ಪಕ್ಕಕ್ಕಿಟ್ಟುಕೊಂಡು ಅಕ್ಕನ ಮೊದಲ ಸಂದರ್ಶನ ತೆರೆದೆ. ಟ್ರಾಮ್ ಓಡಿಸಿದವನು. ಅವನ ಮಾತು ಗಾಜಿನಷ್ಟು ತಿಳಿಯಾಗಿ ಕೇಳಿಸಿತು. ಒಳಗೆ ಕೋಣೆಯ ಸದ್ದು ಇರಲಿಲ್ಲ.

ಎರಡನೆಯದು ತೆರೆದೆ. ಇರಲಿಲ್ಲ. ಇಪ್ಪತ್ತು ನೋಡಿದೆ. ಒಂದು ಸಣ್ಣ ಪ್ರೋಗ್ರಾಮು ಬರೆದು ನಾನೂರ ಹನ್ನೆರಡರ ಹೊಟ್ಟೆಯನ್ನೂ ಒಟ್ಟಿಗೆ ನೋಡಿದೆ. ಸೊನ್ನೆ ಎಂದು ಬಂತು.

ಆಗಿದ್ದೇನು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವರ್ಷಗಳ ಹಿಂದೆ ನದಿಯಾಚೆಯ ಶಾಖೆಯವರು ಅಕ್ಕನ ಸಂದರ್ಶನಗಳನ್ನು ತೆಗೆದುಕೊಂಡು ಹಿಂದಿನ ಗಲಾಟೆ ತೆಗೆದು ಸ್ವಚ್ಛ ಪ್ರತಿ ಮಾಡಿಕೊಂಡಿದ್ದರು. ಸ್ವಚ್ಛ ಮಾಡಿದ್ದು ಅಕ್ಕನ ಆ ಒಂದೊಂದು ನಿಮಿಷದ ಅಳತೆ ಹಿಡಿದೇ. ಕೆಲಸವಾದ ಮೇಲೆ ಖಾಲಿ ಕೋಣೆಯ ಸದ್ದು ಅವರಿಗೇಕೆ? ಅದನ್ನು ಉಳಿಸಿಕೊಂಡಿರಲಿಲ್ಲ. ನನ್ನ ಪ್ರೋಗ್ರಾಮು ನಾಲ್ಕು ಪ್ರತಿಗಳನ್ನು ಕೇಳಿ, ಚೆನ್ನಾಗಿರುವುದು ಇದೇ ಎಂದು ಅವರದನ್ನು ಇಟ್ಟುಕೊಂಡಿತು. ಗುಂಯ್ ಎನ್ನುವ ಅಕ್ಕನ ಮೂಲ ಪ್ರತಿಗಳು ಹೋದವು. ಹೊಟ್ಟೆಯಲ್ಲಿದ್ದುದೂ ಹೋಯಿತು. ನಾನು ಹೇಗೆ ಹೇಳಿದ್ದೆನೋ ಹಾಗೇ ಮಾಡಿತ್ತು, ಒಂದಕ್ಷರ ತಪ್ಪಿಲ್ಲ. ಅಳಿಸಿದ್ದನ್ನು ಹೊಸ ಮೆಷಿನ್ನು ತೊಂಬತ್ತು ದಿನದವರೆಗೆ ಮಾತ್ರ ಹಿಂದಕ್ಕೆ ಕೊಡುತ್ತದೆ. ಆಗಲೇ ನೂರ ಮೂವತ್ತು ದಿನವಾಗಿತ್ತು.

ಮೆಟ್ಟಿಲನ್ನು ಎರಡೆರಡಾಗಿ ಇಳಿದು ನೆಲಮಾಳಿಗೆಗೆ ಹೋದೆ. ಭಾವ ಖಾಲಿ ಮೇಜಿನ ಎದುರು ಕೂತು ಕೆಟಲ್ಲಿನ ತಳ ಉಜ್ಜುತ್ತಿದ್ದರು.

"ನಿಮಗೆ ಗೊತ್ತಿತ್ತು" ಎಂದೆ.

"ಏನು?"

"ನಾಟಕ ಆಡ್ಬೇಡಿ. ಕೋಣೆಯ ಸದ್ದೆಲ್ಲ ಹೋಗಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ರಿ."

"ಗೊತ್ತಿರಲಿಲ್ಲ. ಅನುಮಾನ ಇತ್ತು. ನಿನ್ನ ಮೆಷಿನ್ನಿಗೆ ನಂಗೆ ಬೀಗದ ಕೈ ಕೊಟ್ಟಿದ್ಯಾ, ಒಳಗೆ ಹೋಗಿ ನೋಡೋಕೆ? ಬಾಯಿ ಬಿಟ್ಟು ಮೂರು ಸಲ ಕೇಳಿದೆ. ಫೋಟೋ ತೆಗೆಸಿ ಗೋಡೆಗೆ ಹಾಕ್ಕೊಳ್ಳಿ ಅಂದೆ."

"ಬಿಡಿಸಿ ಹೇಳಬಹುದಿತ್ತು! ಅಕ್ಕನ ಧ್ವನಿ ಇದೆ ಅಂತ ಒಂದು ಮಾತು ಹೇಳಬಹುದಿತ್ತು!"

"ನೀನೂ ಕೇಳಬಹುದಿತ್ತು. ಭಾವ, ಅಕ್ಕನಿಗೆ ಧ್ವನಿ ಬೇಕಾಗಿದೆ, ಒಂದು ಪ್ರತಿ ಕೊಡಿ ಅಂತ." ಅವರ ಧ್ವನಿ ಏರಿತು. "ಯಾಕೆ ಕೇಳಲಿಲ್ಲ? ಚಿಕಿತ್ಸೆಯವಳು ನಂಗೂ ಫೋನ್ ಮಾಡಿದ್ಲು. ಗಂಡ ಅಂತ ಇನ್ನೂ ನನ್ನ ನಂಬರೇ ಇದೆ ಅವರ ಹತ್ರ. ಒಂದು ವರ್ಷ ಕಾದೆ. ಅಕ್ಕ ತಂಗಿ ಇಬ್ಬರಲ್ಲಿ ಒಬ್ಬರಾದ್ರೂ ಮೆಟ್ಟಿಲು ಇಳಿದು ಬರ್ತೀರ ಅಂತ. ಪತ್ರ ಬಂತು. ಹಳಬರ ಹಟ ಅಂತ."

"ಕೇಳಿದ್ರೆ ಮಾತ್ರ ಕೊಡ್ತೀರ?"

"ಹೌದು. ಕೇಳಿದ್ರೆ ಮಾತ್ರ."

ಕೆಟಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಕೈ ಒರೆಸಿಕೊಂಡು, ಮೇಜಿನ ಡ್ರಾಯರ್ ಎಳೆದು, ದಪ್ಪನೆಯ ಕಾಗದದ ಕಟ್ಟೊಂದನ್ನು ಮೇಜಿನ ಮೇಲೆ ಎಸೆದರು.

"ಇದಿದೆ. ಬೇಕಾದ್ರೆ ತಗೊಂಡು ಹೋಗು."

ಅವರ ಹಳೆಯ ಟೇಬಲ್ಲನ್ನು ಕಾಗದದ ಮೇಲೆ ಅಚ್ಚು ಹಾಕಿದ್ದು. ನಾನೂರ ಹನ್ನೆರಡು ಸಾಲು. ಶೀರ್ಷಿಕೆ ಇಲ್ಲದೆ ಏನೂ ಒಳಗೆ ಬರುವಂತಿಲ್ಲ ಎಂಬ ತಮ್ಮದೇ ನಿಯಮಕ್ಕಾಗಿ, ಅವರು ಒಂದೊಂದೇ ನಿಮಿಷವನ್ನು ಕೂತು ಕೇಳಿ, ಅಕ್ಕ ಹೇಳಿದ್ದನ್ನೇ ಶೀರ್ಷಿಕೆಯ ಖಾನೆಯಲ್ಲಿ ಬೆರಳಚ್ಚಿಸಿದ್ದರು. ದಿನಾಂಕ ನೋಡಿದೆ. ಇಬ್ಬರೂ ಬೇರೆ ಮನೆ ಮಾಡಿದ ಮೇಲೆ, ಅವಳ ಗಂಟಲು ಕೆಡುವ ಮೊದಲು. 'ಕೋಣೆಯ ಸದ್ದು. ಗೋಡೆಯಾಚೆ ಮಗು ಅಳುತ್ತಿದೆ, ಅದಕ್ಕೆ ಯಾರೂ ಏನೂ ಮಾಡುತ್ತಿಲ್ಲ.' 'ಕೋಣೆಯ ಸದ್ದು. ಎಚ್ಚರವಾಗಿರುವವಳು ಒಬ್ಬಳೇ, ನಾನು. ಅಜ್ಜ ನಿದ್ದೆ ಹೋದರು.' 'ಕೋಣೆಯ ಸದ್ದು. ಮೇಲುಗಡೆ ಕುರ್ಚಿ ಎಳೆಯುತ್ತಿದ್ದಾರೆ, ನಿಲ್ಲಿಸುವವರೆಗೆ ಕಾಯುತ್ತೇನೆ.'

ನನ್ನ ವಿನ್ಯಾಸದಲ್ಲಿ ಶೀರ್ಷಿಕೆ ಬೇಕಿರಲಿಲ್ಲ. ಯಾರೂ ಏನನ್ನೂ ಕೇಳಬೇಕಾಗಿರಲಿಲ್ಲ. ನಾನು ಒಂದನ್ನೂ ಕೇಳಿರಲಿಲ್ಲ.

"ಧ್ವನಿ?" ಎಂದೆ, ಗೊತ್ತಿದ್ದೂ.

"ಮೂರು ಸಲ ಸೊನ್ನೆ" ಎಂದರು ಭಾವ. "ನೀನೇ ಒತ್ತಿದ್ದು."

ಮಾರನೆಯ ದಿನ ಶಾಲೆಗೆ ರಜೆ. ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಕಾಗದದ ಕಟ್ಟನ್ನು ಅವಳ ಮುಂದಿಟ್ಟು, ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ. ಎಲ್ಲಿಯೂ ತಪ್ಪನ್ನು ಭಾವನ ತಲೆಗೆ ಕಟ್ಟಲಿಲ್ಲ. ಕಟ್ಟಬೇಕೆಂದು ಬಸ್ಸಿನಲ್ಲಿ ಮೂರು ಬಗೆಯಾಗಿ ವಾಕ್ಯ ಹೊಂದಿಸಿಕೊಂಡಿದ್ದೆ, ಅವಳ ಕಣ್ಣು ನೋಡಿ ಬಿಟ್ಟೆ.

ಅಕ್ಕ ಸ್ಲೇಟು ತೆಗೆದುಕೊಂಡಳು. "ಹೊಟ್ಟೆ ಅಂತ ಇಟ್ಟಿದ್ದು ಯಾರು?"

"ನಾನು."

"ಅವನು ಬೇಡ ಅಂದಿದ್ನಾ?"

"ಅಂದಿದ್ರು."

ಸ್ಲೇಟು ಒರೆಸಿದಳು. ಕಾಗದಗಳನ್ನು ತಿರುವಿ, ಒಂದು ಕಡೆ ನಿಂತು, ಪೆನ್ನಿನಿಂದ ಒಂದು ಪದವನ್ನು ಹೊಡೆದುಹಾಕಿದಳು. ಭಾವ 'ಎರಡು ಬೆಕ್ಕು' ಎಂದು ಬರೆದಿದ್ದ ಕಡೆ 'ಒಂದು' ಎಂದು ತಿದ್ದಿದಳು. ಪಕ್ಕದಲ್ಲಿ ಬರೆದಳು: "ಕಿವುಡ."

ಅಷ್ಟರಲ್ಲಿ ನನ್ನ ಮಗಳು ಕೊನೆಯ ಹಾಳೆ ಎತ್ತಿಕೊಂಡು, ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಶುರುಮಾಡಿದಳು. "ಕೋಣೆಯ ಸದ್ದು. ಫ್ಯಾನು ನಿಲ್ಲಿಸಿದ್ದೇವೆ. ಮೂವರು ಮನುಷ್ಯರು. ದೊಡ್ಡಮ್ಮ, ನೀನು ಹಿಂಗೇ ಮಾತಾಡ್ತಿದ್ಯಾ? ಜೋರಾಗಾ, ಮೆಲ್ಲಗಾ?" ಅಕ್ಕನ ಧ್ವನಿ ಹೋದಾಗ ಅವಳಿಗೆ ಒಂದು ವರ್ಷ. ಕೇಳಿದ ನೆನಪಿಲ್ಲ.

ಅಕ್ಕ ಯಂತ್ರ ಎತ್ತಿಕೊಂಡು ಒತ್ತಿದಳು. ರೈಲು ತಡ ಎನ್ನುವ ಹೆಂಗಸು ಮಾತಾಡಿದಳು: "ಅವಳನ್ನು ನಿಲ್ಲಿಸು."

ನಿಲ್ಲಿಸಿದೆ. ಹಾಳೆಗಳನ್ನು ಜೋಡಿಸಲು ಕೈ ಚಾಚಿದೆ. ಅಕ್ಕ ಅವನ್ನು ತನ್ನ ಕಡೆಗೆ ಎಳೆದುಕೊಂಡು, ಮತ್ತೆ ಒತ್ತಿದಳು.

"ಛತ್ರಿ" ಎಂದಿತು ಯಂತ್ರ. ಆಮೇಲೆ, "ಬಾಗಿಲು ಹಾಕಿಕೊಂಡು ಹೋಗು."

ಬೀದಿಯಲ್ಲಿ ಮಗಳು, "ದೊಡ್ಡಮ್ಮ ಛತ್ರಿ ಯಾಕೆ ಕೇಳಿದ್ಲು ಅಮ್ಮ, ಬಿಸಿಲಿದ್ಯಲ್ಲ?" ಎಂದಳು. ಬಸ್ಸಿನ ತಂಗುದಾಣದಲ್ಲಿ ನಿಂತು ಚಿಕಿತ್ಸೆಯವಳಿಗೆ ಫೋನು ಮಾಡಿ ಗುರುವಾರದ ಸಮಯ ರದ್ದು ಮಾಡಿಸಿದೆ. ಬೇರೆ ದಿನ ಕೊಡಲೇ ಎಂದಳು. ಬೇಡ ಎಂದೆ.

ಹದಿಮೂರು ವರ್ಷದ ಹಿಂದೆ ಅಕ್ಕನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.